ಫೋಟೋ ತೆಗೆಯಲು ಹೋದರೆ ಅರ್ಜಿಯೇ ಖಾಲಿ: ಒಂದು ಆಟೋಸೇವ್‌ನ ಪ್ರಕರಣ ಅಧ್ಯಯನ

ಇದು ಒಂದು ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿಯ ಕಥೆ. ತುಂಬಿದ್ದು ತಾನಾಗೇ ಉಳಿಯುವ ಹಾಗೆ ಅದಕ್ಕೆ ಆಟೋಸೇವ್ ಹಾಕಿದ ಕಥೆ. ಟ್ರಸ್ಟ್ ಯಾವುದು, ಊರು ಯಾವುದು ಅಂತ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿಷಯ ಮಾತ್ರ ನಡೆದ ಹಾಗೇ ಇದೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಟ್ರಸ್ಟು ಪಿಯುಸಿ ಮುಗಿಸಿದ ಬಡ ಮಕ್ಕಳಿಗೆ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಮೊದಲು ಕಾಗದದ ಅರ್ಜಿ ಇತ್ತು. ಆಮೇಲೆ ಯಾರೋ ಒಂದು ವೆಬ್ ಫಾರ್ಮ್ ಮಾಡಿಕೊಟ್ಟರು. ಕಾಗದದ ಅರ್ಜಿಯಲ್ಲಿ ಏನೇನಿತ್ತೋ ಅದನ್ನೆಲ್ಲ ಒಂದೇ ಉದ್ದ ಪುಟಕ್ಕೆ ಇಳಿಸಿದ್ದರು. ಹೆಸರು, ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರ್, ಪಿಯುಸಿ ಅಂಕಗಳು, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಮನೆಯಲ್ಲಿ ಎಷ್ಟು ಜನ, ಯಾರ ಆದಾಯ ಎಷ್ಟು. ಆಮೇಲೆ ಮನೆಯ ಪರಿಸ್ಥಿತಿ ಬಗ್ಗೆ ಕನ್ನಡದಲ್ಲಿ ಒಂದು ಪುಟದಷ್ಟು ಬರೆಯಬೇಕು. ಎಲ್ಲದಕ್ಕಿಂತ ಕೊನೆಗೆ ಫೋಟೋ ಮತ್ತು ಅಂಕಪಟ್ಟಿ.

ತುಂಬುವವರು ಎರಡು ಥರ. ಅರ್ಧದಷ್ಟು ಮಕ್ಕಳು ಮೊಬೈಲಿನಲ್ಲಿ, ಅದೂ ಅಪ್ಪನದೋ ಅಣ್ಣನದೋ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ತುಂಬುತ್ತಾರೆ. ಉಳಿದವರು ತಾಲ್ಲೂಕು ಊರಿನ ಸೈಬರ್ ಸೆಂಟರ್‌ಗೆ ಹೋಗುತ್ತಾರೆ. ಈ ಎರಡನ್ನೂ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಆಫೀಸು ನೋಡಿಕೊಳ್ಳುವ ಮೇಡಂಗೆ ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಒಂದೇ ದೂರು. ತುಂಬಿದ್ದೆಲ್ಲ ಹೋಯ್ತು. ಒಬ್ಬಳು ಹುಡುಗಿ ಮೂರು ಸಲ ತುಂಬಿ, ನಾಲ್ಕನೇ ಸಲಕ್ಕೆ ಬಿಟ್ಟೇ ಬಿಟ್ಟಿದ್ದಳು. ಕೊನೆಗೆ ಮೇಡಂ ಫೋನಿನಲ್ಲೇ ಕೇಳಿಕೊಂಡು ತಾವೇ ಅವಳ ಅರ್ಜಿ ತುಂಬಿದರು. ಫಾರ್ಮ್ ಮಾಡಿದವರು ಆಗಲೇ ಬೇರೆ ಕೆಲಸ ಹಿಡಿದಿದ್ದರು. ಹಾಗಾಗಿ ರಿಪೇರಿ ನಮ್ಮ ಸಣ್ಣ ತಂಡಕ್ಕೆ ಬಂತು. ಕೇಳಿದ್ದು ಒಂದೇ ಸಾಲು: "ಜಿಮೇಲ್‌ನಲ್ಲಿ ತಾನೇ ಸೇವ್ ಆಗ್ತದಲ್ಲ, ಹಂಗ ಮಾಡಿಕೊಡ್ರಿ."

ಹೋಗುತ್ತಿದ್ದುದು ಎಲ್ಲಿ?

ಎಲ್ಲರಿಗೂ ಒಂದೊಂದು ಅನುಮಾನ. ಕರೆಂಟ್ ಹೋಗುತ್ತೆ ಅಂತ ಒಬ್ಬರು, ನೆಟ್‌ವರ್ಕ್ ಸರಿ ಇಲ್ಲ ಅಂತ ಇನ್ನೊಬ್ಬರು. ಸೆಷನ್ (ಸರ್ವರ್ ನಮ್ಮನ್ನು ನೆನಪಿಟ್ಟುಕೊಳ್ಳುವ ಅವಧಿ) ಮುಗಿದು ಹೋಗಿರಬೇಕು ಅಂತ ನಮ್ಮ ತಂಡದಲ್ಲೇ ವಾದ. ಯಾವುದೂ ತಪ್ಪಲ್ಲ, ಎಲ್ಲವೂ ಅಲ್ಲೊಂದು ಇಲ್ಲೊಂದು ಆಗುತ್ತಿದ್ದವು. ಆದರೆ ಅಷ್ಟೊಂದು ದೂರಿಗೆ ಅವು ಸಾಲದು. ಸರ್ವರ್ ಲಾಗ್, ಅಂದರೆ ಯಾವ ಪುಟ ಯಾವಾಗ ತೆರೆಯಿತು ಅನ್ನುವ ದಾಖಲೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಅದೇ ಫೋನಿನಿಂದ, ಅದೇ ಪುಟ, ಸುಮಾರು ಹೊತ್ತಿನ ನಂತರ ಮತ್ತೆ ಹೊಸದಾಗಿ ಲೋಡ್ ಆಗಿದೆ. ಯಾರೋ ರಿಫ್ರೆಶ್ ಒತ್ತಿದ ಹಾಗೆ. ಅರ್ಧ ಗಂಟೆ ಕೂತು ತುಂಬಿದವರು ತಾವಾಗಿ ರಿಫ್ರೆಶ್ ಯಾಕೆ ಒತ್ತುತ್ತಾರೆ?

ಉತ್ತರ ಹೇಳಿದ್ದು ಒಬ್ಬ ಹುಡುಗ. ದೂರು ಕೊಟ್ಟವರಿಗೆ ಫೋನ್ ಮಾಡಿ, ಎಲ್ಲ ಹೋಗುವ ಮುಂಚೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾ ಹೋದಾಗ ಅವನು ಹೇಳಿದ: "ಸರ್ರ, ಫೋಟೋ ತಗಿಯಾಕ ಹೋಗಿ ಬಂದ್ರ ಎಲ್ಲಾ ಖಾಲಿ ಆಗಿರ್ತೈತ್ರಿ."

ಇದು ಗೊತ್ತಾದ ಮೇಲೆ ಎಲ್ಲ ಸ್ಪಷ್ಟವಾಯಿತು. ಫಾರ್ಮಿನಲ್ಲಿ ಫೋಟೋ ಬಟನ್ ಒತ್ತಿದರೆ ಕ್ಯಾಮೆರಾ ಆಪ್ ತೆರೆಯುತ್ತದೆ, ಬ್ರೌಸರ್ ಹಿಂದಕ್ಕೆ ಸರಿಯುತ್ತದೆ. ಕ್ಯಾಮೆರಾಗೆ ಮೆಮೊರಿ ಜಾಸ್ತಿ ಬೇಕು. 2 ಜಿಬಿ ರ್‍ಯಾಮ್ ಇರುವ ಫೋನಿನಲ್ಲಿ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ಆಂಡ್ರಾಯ್ಡ್ ಹಿಂದೆ ಇರುವ ಬ್ರೌಸರನ್ನೇ ಮುಚ್ಚಿಬಿಡುತ್ತದೆ. ಫೋಟೋ ತೆಗೆದು ವಾಪಸ್ ಬಂದಾಗ ಬ್ರೌಸರ್ ಪುಟವನ್ನು ಹೊಸದಾಗಿ ಲೋಡ್ ಮಾಡುತ್ತದೆ. ಮಾಮೂಲಿ ಎಚ್‌ಟಿಎಮ್‌ಎಲ್ ಪುಟವಾದರೆ ಬ್ರೌಸರ್ ಕೆಲವೊಮ್ಮೆ ಹಳೇ ಅಕ್ಷರಗಳನ್ನು ತಾನೇ ತುಂಬಿಕೊಡುತ್ತದೆ. ಇಲ್ಲಿ ಪ್ರತಿ ಬಾಕ್ಸನ್ನೂ ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಕೋಡ್ ಆಮೇಲೆ ಕಟ್ಟುತ್ತಿತ್ತು. ಬ್ರೌಸರ್ ತುಂಬಲು ನೋಡುವ ಹೊತ್ತಿಗೆ ಬಾಕ್ಸುಗಳೇ ಇರುತ್ತಿರಲಿಲ್ಲ.

ಅದರ ಮೇಲೆ ಫೋಟೋ ಇದ್ದದ್ದು ಅರ್ಜಿಯ ಕೊನೆಯಲ್ಲಿ. ಅಂದರೆ ಎಲ್ಲ ತುಂಬಿ ಮುಗಿಸಿದ ಮೇಲೇ ಸರಿಯಾಗಿ ಕಳೆದುಕೊಳ್ಳುವ ಏರ್ಪಾಡು!

ಮೊದಲ ನಿರ್ಧಾರಕ್ಕೆ ಆಟೋಸೇವ್ ಬೇಕೇ ಆಗಲಿಲ್ಲ. ಫೋಟೋ ಮತ್ತು ಅಂಕಪಟ್ಟಿಯನ್ನು ಅರ್ಜಿಯ ಮೊದಲಿಗೆ ತಂದೆವು. ಆಯ್ಕೆ ಮಾಡಿದ ತಕ್ಷಣ ಅಪ್‌ಲೋಡ್ ಆಗುವ ಹಾಗೆ ಮಾಡಿದೆವು. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಫೈಲ್ ಬಾಕ್ಸಿಗೆ ಹಳೇ ಫೈಲನ್ನು ಮತ್ತೆ ತುಂಬಲು ಬ್ರೌಸರ್ ಜಾವಾಸ್ಕ್ರಿಪ್ಟಿಗೆ ಬಿಡುವುದಿಲ್ಲ. ಬಿಟ್ಟರೆ ಯಾವ ಸೈಟ್ ಬೇಕಾದರೂ ನಿಮ್ಮ ಫೋನಿನ ಫೈಲು ಎತ್ತಿಕೊಳ್ಳಬಹುದಿತ್ತು. ಹಾಗಾಗಿ ಡ್ರಾಫ್ಟಿನಲ್ಲಿ, ಅಂದರೆ ಸಲ್ಲಿಸದೆ ಉಳಿಸಿಟ್ಟ ಅರ್ಧ ಅರ್ಜಿಯಲ್ಲಿ, ಫೈಲ್ ಉಳಿಸುತ್ತೇವೆ ಅನ್ನುವುದು ಆಗದ ಮಾತು. ಫೈಲ್ ಮೊದಲೇ ಸರ್ವರ್ ಸೇರಬೇಕು, ಡ್ರಾಫ್ಟಿನಲ್ಲಿ ಅದರ ನಂಬರ್ ಮಾತ್ರ ಇರಬೇಕು.

ಇಷ್ಟಕ್ಕೇ ದೂರು ಎದ್ದು ಕಾಣುವಷ್ಟು ಕಡಿಮೆಯಾಯಿತು. ಇಲ್ಲೇ ನಿಲ್ಲಿಸಿಬಿಡೋಣ ಅಂತ ಒಬ್ಬರು ಅಂದರು. ಆದರೆ ಮಧ್ಯದಲ್ಲಿ ಫೋನ್ ಕರೆ ಬರುತ್ತದೆ, ಖಾತೆ ನಂಬರ್ ನೋಡಲು ವಾಟ್ಸ್ಆ್ಯಪ್‌ಗೆ ಹೋಗುತ್ತಾರೆ, ಆಗಲೂ ಬ್ರೌಸರ್ ಮುಚ್ಚಿಕೊಳ್ಳುತ್ತದೆ. ಆರ್‌ಡಿ ನಂಬರ್ ಕೈಯಲ್ಲಿ ಇಲ್ಲದವರು ನಾಳೆ ನಾಡಕಚೇರಿಗೆ ಹೋಗಿ ಬಂದು ಮುಂದುವರಿಸಬೇಕು. ಆಟೋಸೇವ್ ಬೇಕೇ ಇತ್ತು.

ಮೊದಲ ಪ್ರಯತ್ನ: ಬ್ರೌಸರಿನಲ್ಲೇ ಉಳಿಸುವುದು

ಸುಲಭದ ದಾರಿ ಅಂದರೆ ಬ್ರೌಸರ್ ಅದೇ ಸಾಧನದಲ್ಲಿ ಪ್ರತಿ ಸೈಟಿಗೂ ಕೊಡುವ ಜಾಗ, ಲೋಕಲ್‌ಸ್ಟೋರೇಜ್. ಸರ್ವರ್ ಮುಟ್ಟಬೇಕಾಗಿಲ್ಲ, ಲಾಗಿನ್ ಬೇಡ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಸೈಟಿಗೆ 5 ಎಂಬಿ ಜಾಗ ಸಿಗುತ್ತದೆ, ಒಂದು ಅರ್ಜಿಗೆ ಅದು ಬೇಕಾದಷ್ಟಾಯಿತು.

ಯಾವಾಗ ಉಳಿಸಬೇಕು ಅನ್ನುವುದರ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಪ್ರತಿ ಅಕ್ಷರಕ್ಕೂ ಉಳಿಸಿದರೆ ಹಳೇ ಫೋನು ತಡವರಿಸುತ್ತದೆ. ಟೈಪಿಂಗ್ ನಿಂತು ಒಂದು ಸೆಕೆಂಡ್ ಆದ ಮೇಲೆ ಉಳಿಸುವುದು ವಾಡಿಕೆ, ಡಿಬೌನ್ಸ್ ಅನ್ನುತ್ತಾರೆ. ಆದರೆ ಬರೀ ಡಿಬೌನ್ಸ್ ನಂಬಿದರೆ ನಿಲ್ಲಿಸದೇ ಟೈಪ್ ಮಾಡುವವರದು ಉಳಿಯುವುದೇ ಇಲ್ಲ! ಹಾಗಾಗಿ ಟೈಪಿಂಗ್ ನಿಲ್ಲದಿದ್ದರೂ 10 ಸೆಕೆಂಡಿಗೊಮ್ಮೆ ಉಳಿಸು ಅಂತ ಇನ್ನೊಂದು ನಿಯಮ ಸೇರಿಸಿದೆವು.

ಇದಕ್ಕಿಂತ ಮುಖ್ಯವಾದದ್ದು ಪುಟ ಮರೆಯಾಗುವ ಕ್ಷಣ. ಕಂಪ್ಯೂಟರಿನಲ್ಲಿ ಕೆಲಸ ಮಾಡಿ ಅಭ್ಯಾಸ ಆದವರು ಪುಟ ಮುಚ್ಚುವ ಮುಂಚೆ ಬ್ರೌಸರ್ ಕೊಡುವ ಸೂಚನೆ, ಬಿಫೋರ್‌ಅನ್‌ಲೋಡ್ ಈವೆಂಟ್ ನಂಬುತ್ತಾರೆ. ಮೊಬೈಲಿನಲ್ಲಿ ಅದು ಬರುತ್ತದೆ ಅನ್ನುವ ಖಾತರಿಯೇ ಇಲ್ಲ. ಹಿಂದಕ್ಕೆ ಸರಿದ ಬ್ರೌಸರನ್ನು ಆಂಡ್ರಾಯ್ಡ್ ಮುಚ್ಚುವಾಗ ಪುಟಕ್ಕೆ ಹೇಳಿ ಕೇಳಿ ಮುಚ್ಚುವುದಿಲ್ಲ. ನಂಬಬಹುದಾದ ಕೊನೆಯ ಸೂಚನೆ ಅಂದರೆ ವಿಸಿಬಿಲಿಟಿ ಚೇಂಜ್, ಪುಟ ಕಣ್ಣಿಂದ ಮರೆಯಾಯಿತು ಅನ್ನುವ ಈವೆಂಟ್. ಅದು ಬಂದ ತಕ್ಷಣ, ಡಿಬೌನ್ಸ್‌ಗೆ ಕಾಯದೆ ಬರೆಯಬೇಕು. ಇಲ್ಲಿ ಲೋಕಲ್‌ಸ್ಟೋರೇಜಿನ ಒಂದು ದೋಷ ಅನುಕೂಲಕ್ಕೇ ಬಂತು. ಅದು ಬರೆದು ಮುಗಿಯುವ ತನಕ ಬೇರೆ ಏನೂ ನಡೆಯಲು ಬಿಡುವುದಿಲ್ಲ, ಅದಕ್ಕೇ ಜನ ಬೈಯುತ್ತಾರೆ. ಆದರೆ ಪುಟ ಸಾಯುವ ಹೊತ್ತಿನಲ್ಲಿ ಬೇಕಾದದ್ದು ಅದೇ ಅಲ್ವಾ? ಬ್ರೌಸರಿನ ಇನ್ನೊಂದು ಸಂಗ್ರಹ ಇಂಡೆಕ್ಸ್‌ಡ್‌ಡಿಬಿ ಆಗಿದ್ದರೆ ಆಮೇಲೆ ಬರೆಯುತ್ತೇನೆ ಅಂತ ಒಪ್ಪಿಕೊಂಡು, ಬರೆಯುವ ಮುಂಚೆಯೇ ಪುಟ ಹೋಗಿಬಿಡಬಹುದು.

ಹಳೇ ಫೋನೊಂದರಲ್ಲಿ ಕ್ಯಾಮೆರಾ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದೆವು. ಪುಟ ಹೊಸದಾಗಿ ಲೋಡ್ ಆಯಿತು, ಬರೆದದ್ದೆಲ್ಲ ವಾಪಸ್ ಬಂತು. ಹಳೇ ಫೋನ್ ಕೈಗೆ ಸಿಗದವರು ಆಂಡ್ರಾಯ್ಡಿನ ಡೆವಲಪರ್ ಆಯ್ಕೆಗಳಲ್ಲಿ ಆಕ್ಟಿವಿಟಿಗಳನ್ನು ಇಟ್ಟುಕೊಳ್ಳಬೇಡ ಅನ್ನುವ ಸೆಟ್ಟಿಂಗ್ ಹಾಕಿ ಹೆಚ್ಚು ಕಡಿಮೆ ಇದೇ ಸ್ಥಿತಿ ತರಬಹುದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಡಿಸ್ಕಾರ್ಡ್ಸ್ ಅನ್ನುವ ಒಳಪುಟದಿಂದಲೂ ಒಂದು ಟ್ಯಾಬನ್ನು ಬೇಕಂತಲೇ ಕೆಡವಬಹುದು.

ಮೊದಲು ಒಂದೇ ತಾಲ್ಲೂಕಿನಲ್ಲಿ ಬಿಟ್ಟು ನೋಡುವುದು ಅಂತ ಮೇಡಂ ಹಟ ಹಿಡಿದರು. ಅವರ ಹಟ ಎಷ್ಟು ಒಳ್ಳೆಯದಾಯಿತು ಅಂತ ಬೇಗನೇ ಗೊತ್ತಾಯಿತು.

ತಿರುವು: ಬೇರೆಯವರ ಅರ್ಜಿ ಕಣ್ಮುಂದೆ

ಸೈಬರ್ ಸೆಂಟರ್ ನಡೆಸುವ ಒಬ್ಬರು ಆಫೀಸಿಗೆ ಫೋನ್ ಮಾಡಿದರು. ಅವರ ಕಂಪ್ಯೂಟರಿನಲ್ಲಿ ಒಬ್ಬ ಹುಡುಗ ಅರ್ಜಿ ತೆರೆದಿದ್ದ. ಅದರಲ್ಲಿ ಆಗಲೇ ಬೇರೊಬ್ಬ ಹುಡುಗಿಯ ಹೆಸರು, ಅಪ್ಪನ ಹೆಸರು, ಬ್ಯಾಂಕ್ ಖಾತೆ, ಮನೆ ಆದಾಯ ಎಲ್ಲ ತುಂಬಿತ್ತು. ಕೆಳಗೆ, ಅಪ್ಪ ಕುಡಿದು ಮನೆಗೆ ದುಡ್ಡು ಕೊಡುವುದಿಲ್ಲ ಅಂತ ಅವಳು ಬರೆದದ್ದೂ ಇತ್ತು. ಆ ಹುಡುಗ ಅವಳ ಊರಿನವನೇ.

ಫೋನಿನಲ್ಲಿ ವರವಾದದ್ದೇ ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ಶಾಪ. ಲೋಕಲ್‌ಸ್ಟೋರೇಜಿಗೆ ಮನುಷ್ಯರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬ್ರೌಸರ್ ಮಾತ್ರ. ಅದೇ ದಿನ ಸಂಜೆ ಆ ವ್ಯವಸ್ಥೆಯನ್ನು ಬಂದ್ ಮಾಡಿದೆವು. ಪುಟ ತೆರೆದ ತಕ್ಷಣ ಹಳೆಯದನ್ನು ಅಳಿಸುವ ಒಂದು ಸಾಲು ಕೂಡ ಸೇರಿಸಿದೆವು. ಬರೀ ಬಂದ್ ಮಾಡಿದರೆ ಸಾಲದು, ಆಗಲೇ ಕೂತಿರುವುದನ್ನು ತೆಗೆಯಬೇಕಲ್ಲ.

ಆಮೇಲಿನ ಮೀಟಿಂಗ್ ಉದ್ದ ಎಳೆಯಿತು. ಬಂದ ಸಲಹೆಗಳನ್ನು ಹೇಳುತ್ತೇನೆ, ಯಾಕಂದರೆ ಇಂಥ ಜಾಗದಲ್ಲಿ ಎಲ್ಲರಿಗೂ ಇವೇ ಹೊಳೆಯುತ್ತವೆ.

ಸೆಷನ್‌ಸ್ಟೋರೇಜ್ ಬಳಸೋಣ, ಟ್ಯಾಬ್ ಮುಚ್ಚಿದರೆ ಹೋಗುತ್ತದಲ್ಲ ಅಂತ ಒಬ್ಬರು. ಸೈಬರ್ ಸೆಂಟರಿನಲ್ಲಿ ಟ್ಯಾಬ್ ಯಾರು ಮುಚ್ಚುತ್ತಾರೆ? ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ, ಅದೇ ಟ್ಯಾಬ್ ಮುಂದುವರಿಯುತ್ತದೆ. ಅಲ್ಲದೆ ನಾಳೆ ಬಂದು ಮುಂದುವರಿಸುವವರಿಗೆ ಏನೂ ಸಿಗುವುದಿಲ್ಲ. ಎನ್‌ಕ್ರಿಪ್ಟ್ ಮಾಡಿ ಇಡೋಣ ಅಂತ ಇನ್ನೊಬ್ಬರು. ಬೀಗದ ಕೈಯೂ ಅದೇ ಬ್ರೌಸರಿನಲ್ಲಿ ಇದ್ದರೆ ಏನು ಪ್ರಯೋಜನ? ಇದು ನಿಮ್ಮ ಸ್ವಂತ ಫೋನಾ ಅಂತ ಕೇಳಿ ಟಿಕ್ ಹಾಕಿಸೋಣ ಅನ್ನುವ ಸಲಹೆ ನನಗೂ ಮೊದಲು ಹಿಡಿಸಿತ್ತು. ಆದರೆ ಅರ್ಜಿ ತುಂಬುವ ಅವಸರದಲ್ಲಿ ಇರುವವರು ಯಾವ ಟಿಕ್ ಬಾಕ್ಸನ್ನೂ ಓದುವುದಿಲ್ಲ, ಸುಮ್ನೆ ಒತ್ತುತ್ತಾರೆ. ಒತ್ತುವುದು ಸೆಂಟರಿನವರು, ಹೊರಗೆ ಬೀಳುವುದು ವಿದ್ಯಾರ್ಥಿಯ ಗುಟ್ಟು.

ಕೊನೆಗೆ ಉಳಿದದ್ದು ಒಂದೇ ದಾರಿ. ಡ್ರಾಫ್ಟ್ ಸರ್ವರಿನಲ್ಲಿ ಇರಬೇಕು, ಮೊಬೈಲ್ ನಂಬರಿಗೆ ಒಟಿಪಿ ಕಳಿಸಿ ಗುರುತು ಖಾತರಿಯಾದ ಮೇಲೇ ತೆರೆಯಬೇಕು. ಇದಕ್ಕೆ ಬೆಲೆ ತೆರಬೇಕಾಯಿತು. ಮುಂಚೆ ಅರ್ಜಿಯ ಕೊನೆಯಲ್ಲಿದ್ದ ಒಟಿಪಿ ಈಗ ಮೊದಲಿಗೆ ಬಂತು. ಸಿಗ್ನಲ್ ಇಲ್ಲದ ಹಳ್ಳಿಯವರಿಗೆ ಬಾಗಿಲಲ್ಲೇ ತಡೆ. ಎಸ್ಸೆಮ್ಮೆಸ್ಸಿನ ಖರ್ಚು ಬೇರೆ. ಟ್ರಸ್ಟಿನವರು ಖರ್ಚಿಗೆ ಗೊಣಗಿದರು, ಆದರೆ ಆ ಹುಡುಗಿಯ ವಿಷಯ ಕೇಳಿದ ಮೇಲೆ ಯಾರೂ ಬೇಡ ಅನ್ನಲಿಲ್ಲ.

ಬ್ರೌಸರಿನಲ್ಲಿ ಏನೂ ಇಡಲೇಬಾರದು ಅಂತಲೂ ಮಾಡಲಿಲ್ಲ. ನೆಟ್ ಹೋದಾಗ ಸರ್ವರಿಗೆ ಇನ್ನೂ ತಲುಪದ ಬದಲಾವಣೆ ಮಾತ್ರ ಅಲ್ಲಿ ಇರುತ್ತದೆ. ತಲುಪಿತು ಅಂತ ಸರ್ವರ್ ಹೇಳಿದ ತಕ್ಷಣ ಅಳಿಯುತ್ತದೆ. ಬೇರೆ ಅರ್ಜಿಯವರು ಲಾಗಿನ್ ಆದರೆ ತೋರಿಸದೇ ಅಳಿಸುತ್ತದೆ. ಆಧಾರ್ ನಂಬರ್, ಖಾತೆ ನಂಬರ್ ಈ ತುಣುಕಿನಲ್ಲಿ ಸೇರುವುದೇ ಇಲ್ಲ. ನೆಟ್ ಹೋದರೆ ಅವೆರಡನ್ನು ಮತ್ತೆ ಟೈಪ್ ಮಾಡಬೇಕು, ಅಷ್ಟು ತೊಂದರೆ ಪರವಾಗಿಲ್ಲ ಅಂತ ತೀರ್ಮಾನಿಸಿದೆವು.

ಎರಡನೇ ಪ್ರಯತ್ನ: ಸರ್ವರಿನಲ್ಲಿ

ಇಲ್ಲಿ ಎಡವುವ ಜಾಗ ಬೇಕಾದಷ್ಟಿವೆ. ಎಲ್ಲ ಹೇಳಲು ಹೋಗುವುದಿಲ್ಲ.

ಅರ್ಜಿ ಸಲ್ಲಿಸುವ ದಾರಿಯಲ್ಲೇ ಡ್ರಾಫ್ಟ್ ಕೂಡ ಕಳಿಸಿದರೆ ತಪಾಸಣೆ ಅಡ್ಡ ಬರುತ್ತದೆ. ಐಎಫ್‌ಎಸ್‌ಸಿಗೆ 11 ಅಕ್ಷರ ಇರಬೇಕು. ಆರು ಅಕ್ಷರ ಟೈಪ್ ಮಾಡಿ ಪಾಸ್‌ಬುಕ್ ಹುಡುಕಲು ಎದ್ದವರ ಡ್ರಾಫ್ಟನ್ನು ಸರ್ವರ್ ತಪ್ಪು ಅಂತ ತಿರಸ್ಕರಿಸಿದರೆ, ಅದರ ಜೊತೆ ಇರುವ ಉಳಿದ ನಲವತ್ತು ಬಾಕ್ಸೂ ಹೋಗುತ್ತವೆ. ಡ್ರಾಫ್ಟ್ ಅಂದರೇ ಅರ್ಧಂಬರ್ಧ. ಅದಕ್ಕೆ ಬೇರೆ ಟೇಬಲ್, ಬೇರೆ ದಾರಿ ಮಾಡಿದೆವು. ಬಂದದ್ದನ್ನು ಬಂದ ಹಾಗೆ ಒಂದು ಜೇಸನ್ ತುಂಡಾಗಿ (ಬಾಕ್ಸಿನ ಹೆಸರು, ಅದರಲ್ಲಿ ಬರೆದದ್ದು ಅನ್ನುವ ಪಟ್ಟಿಯಾಗಿ) ಇಡುತ್ತದೆ, ಅಷ್ಟೇ. ತಪಾಸಣೆ ಎಲ್ಲ ಸಲ್ಲಿಸುವಾಗ. ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲೂ ಪ್ರಕಟವಾದ ಬರಹವನ್ನು ತಿದ್ದುವಾಗ ಆಟೋಸೇವ್ ಬೇರೆಯಾಗಿಯೇ ಕೂರುತ್ತದೆ, ಅಸಲಿ ಬರಹವನ್ನು ಮುಟ್ಟುವುದಿಲ್ಲ. ಆ ಯೋಚನೆಯೇ ಇಲ್ಲೂ ಸಾಕಾಯಿತು.

ಕೆಟ್ಟ ನೆಟ್‌ವರ್ಕಿನಲ್ಲಿ ಮೊದಲು ಕಳಿಸಿದ್ದು ಆಮೇಲೆ ತಲುಪಬಹುದು. ಆಗ ಹಳೆಯದು ಹೊಸದರ ಮೇಲೆ ಕೂರುತ್ತದೆ. ತುಂಬಿದವರಿಗೆ ಕೊನೆಯ ಪ್ಯಾರಾ ಮಾಯವಾಗಿರುತ್ತದೆ. ಪ್ರತಿ ಸೇವ್‌ಗೂ ಏರುವ ಒಂದು ನಂಬರ್ ಕೊಟ್ಟೆವು, ಚಿಕ್ಕ ನಂಬರ್ ಬಂದರೆ ಸರ್ವರ್ ಒಪ್ಪುವುದಿಲ್ಲ. ಒಂದು ಸೇವ್ ಹೋಗುತ್ತಿರುವಾಗ ಇನ್ನೊಂದನ್ನು ಕಳಿಸದೆ ಕಾಯುವ ಹಾಗೂ ಮಾಡಿದೆವು. ಎರಡು ಟ್ಯಾಬಿನಲ್ಲಿ ಒಂದೇ ಅರ್ಜಿ ತೆರೆದರೂ ಇದೇ ನಂಬರ್ ಕೆಲಸಕ್ಕೆ ಬರುತ್ತದೆ. ಹಿಂದೆ ಬಿದ್ದ ಟ್ಯಾಬಿಗೆ 409, ಅಂದರೆ ಎರಡಕ್ಕೂ ತಾಳೆಯಿಲ್ಲ ಅನ್ನುವ ಉತ್ತರ ಹೋಗುತ್ತದೆ. ಈ ಅರ್ಜಿ ಇನ್ನೊಂದು ಕಡೆ ತೆರೆದಿದೆ, ಅಲ್ಲಿಯದನ್ನು ತರಲೇ ಅಂತ ಆ ಟ್ಯಾಬ್ ಕೇಳುತ್ತದೆ. ಎರಡನ್ನೂ ಬೆರೆಸುವ ಜಾಣತನಕ್ಕೆ ಹೋಗಲಿಲ್ಲ. ಅರ್ಜಿ ತುಂಬುವವರು ಒಬ್ಬರೇ, ಅವರನ್ನು ಕೇಳಿದರಾಯಿತು.

ಪುಟ ಮರೆಯಾಗುವಾಗ ಕೊನೆಯ ಬದಲಾವಣೆ ಕಳಿಸಲು ಸೆಂಡ್‌ಬೀಕನ್ ಇದೆ. ಅದಕ್ಕೆ 64 ಕೆಬಿ ಮಿತಿ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರ ಇದ್ದರೆ ಒಂದು ಅಕ್ಷರಕ್ಕೇ 9 ಬೈಟ್ ಆಗಬಹುದು. ಆದರೂ ಒಂದು ಪುಟದ ಬರಹಕ್ಕೆ ಧಾರಾಳ. ಫೋಟೋವನ್ನೂ ಅಕ್ಷರವಾಗಿಸಿ ಅದೇ ಡ್ರಾಫ್ಟಿಗೆ ತುರುಕುವವರಿಗೆ ಮಾತ್ರ ಇದು ಸಾಲುವುದಿಲ್ಲ.

ಇನ್ನು ಕನ್ನಡ ಟೈಪಿಂಗ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಬೇರೆ ಕಡೆ ಯಾರೂ ಹೇಳುವುದಿಲ್ಲ.

ನಮ್ಮ ಮೊದಲ ಆವೃತ್ತಿಯಲ್ಲಿ ಸರ್ವರ್ ಡ್ರಾಫ್ಟನ್ನು ಉಳಿಸಿ, ಉಳಿಸಿದ್ದನ್ನು ವಾಪಸ್ ಕಳಿಸುತ್ತಿತ್ತು. ಪುಟ ಅದನ್ನು ಮತ್ತೆ ಬಾಕ್ಸುಗಳಿಗೆ ತುಂಬಿಕೊಳ್ಳುತ್ತಿತ್ತು. ಇಂಗ್ಲಿಷ್ ಟೈಪ್ ಮಾಡಿ ನೋಡಿದಾಗ ಯಾರಿಗೂ ಏನೂ ಕಾಣಲಿಲ್ಲ. ಮೊಬೈಲಿನ ಕೀಬೋರ್ಡಿನಲ್ಲಿ ಕನ್ನಡ ಹೊಡೆಯುವಾಗ ಕೀಬೋರ್ಡ್ ಒಂದು ಪದವನ್ನು ಕೈಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಪದ ಮುಗಿದ ಮೇಲೇ ಬಾಕ್ಸಿಗೆ ಒಪ್ಪಿಸುವುದು. ಆ ಮಧ್ಯೆ ಬಾಕ್ಸಿನ ಒಳಗನ್ನು ಪುಟ ಬದಲಾಯಿಸಿದರೆ ಕೀಬೋರ್ಡಿಗೆ ಗಲಿಬಿಲಿ. "ಕಷ್ಟ" ಅಂತ ಹೊಡೆಯಲು ಹೋದವರಿಗೆ "ಕಷ್ಕಷ್ಟ" ಬರುತ್ತಿತ್ತು. ಕರ್ಸರ್ ಕೊನೆಗೆ ಹಾರುತ್ತಿತ್ತು. ತುಂಬುವವರು ಫೋನೇ ಹಾಳಾಗಿದೆ ಅಂದುಕೊಂಡರು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಸರ್ವರಿನಲ್ಲಿ ಯಾರೋ ಹಿಂದೆಯೇ ಒಂದು ಸ್ವಚ್ಛತಾ ಕೆಲಸ ಇಟ್ಟಿದ್ದರು. ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವುದು. ಕನ್ನಡದಲ್ಲಿ ಒತ್ತು ಬೀಳದ ಹಾಗೆ ತಡೆಯಲು ಬಳಸುವ ಜೀರೋ ವಿಡ್ತ್ ನಾನ್ ಜಾಯ್ನರ್ ಕೂಡ ಕಾಣದ ಅಕ್ಷರವೇ. ಅದು ಹೋದರೆ "ವಿನಯ್‌ಕುಮಾರ್" ಅಂತ ಬರೆದದ್ದು "ವಿನಯ್ಕುಮಾರ್" ಆಗುತ್ತದೆ. ತನ್ನ ಹೆಸರು ಕಣ್ಣೆದುರೇ ಬದಲಾದದ್ದನ್ನು ಕಂಡ ಒಬ್ಬ ಹುಡುಗ ಅದನ್ನು ತಿದ್ದುತ್ತಲೇ ಇದ್ದ, ಆಟೋಸೇವ್ ಅದನ್ನು ಕೆಡಿಸುತ್ತಲೇ ಇತ್ತು.

ಎರಡು ನಿಯಮ ಮಾಡಿಕೊಂಡೆವು. ಸೇವ್‌ನ ಉತ್ತರದಲ್ಲಿ ಏನೇ ಬರಲಿ, ಅದು ಬಾಕ್ಸುಗಳನ್ನು ಮುಟ್ಟಬಾರದು. ಕೀಬೋರ್ಡ್ ಪದ ಹಿಡಿದಿರುವಾಗ, ಅಂದರೆ ಕಾಂಪೊಸಿಷನ್ ಶುರುವಾಗಿ ಮುಗಿಯುವ ತನಕ, ಸೇವ್ ಕಾಯಬೇಕು. ಪುಟ ಮರೆಯಾಗುವ ಹೊತ್ತಿಗೆ ಮಾತ್ರ ವಿನಾಯಿತಿ. ಅರ್ಧ ಪದವಾದರೂ ಸರಿ, ಆಗ ಉಳಿಸಲೇಬೇಕು.

ಸೆಷನ್ ಬಗ್ಗೆ ಒಂದು ಮಾತು. ತುಂಬುತ್ತಿರುವಾಗ ಲಾಗಿನ್ ಅವಧಿ ಮುಗಿದರೆ ಆಟೋಸೇವ್ ಸದ್ದಿಲ್ಲದೆ ಸೋಲುತ್ತದೆ. ಈಗ ಅದೇ ಪುಟದ ಮೇಲೆ ಒಟಿಪಿ ಕೇಳಿ ಮುಂದುವರಿಸುತ್ತೇವೆ, ಬರೆದದ್ದು ಹಾಗೇ ಇರುತ್ತದೆ. ವೆಬ್ ಸುಲಭಲಭ್ಯತೆಯ ಮಾನದಂಡ ಡಬ್ಲ್ಯುಸಿಎಜಿ 2.1, ಅದು 2018ರದು, ಅದರ ಅತಿ ಮೇಲಿನ ಹಂತದಲ್ಲಿ ಒಂದು ನಿಯಮ ಇದೆ. ಬಳಸುವವರು ಏನೂ ಮಾಡದೆ ಬಿಟ್ಟರೂ ಮಾಹಿತಿ 20 ಗಂಟೆಗಿಂತ ಹೆಚ್ಚು ಉಳಿಯಬೇಕು, ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಮೊದಲೇ ಎಚ್ಚರಿಸಬೇಕು. ಡ್ರಾಫ್ಟ್ ಸರ್ವರಿನಲ್ಲಿ ಇದ್ದಿದ್ದರಿಂದ ನಮಗೆ ಇದು ತಾನಾಗೇ ಒದಗಿತು. ಆಟೋಸೇವ್ ಸೆಷನ್ನನ್ನು ಎಳೆಯದ ಹಾಗೂ ನೋಡಿಕೊಂಡೆವು. ಬದಲಾವಣೆ ಇಲ್ಲದಿದ್ದರೆ ಸೇವ್ ಹೋಗುವುದೇ ಇಲ್ಲ. ಇಲ್ಲದಿದ್ದರೆ ಸೈಬರ್ ಸೆಂಟರಿನಲ್ಲಿ ಬಿಟ್ಟು ಹೋದ ಪುಟ ತನ್ನನ್ನು ತಾನೇ ಜೀವಂತ ಇಟ್ಟುಕೊಂಡು ರಾತ್ರಿಯೆಲ್ಲ ತೆರೆದೇ ಇರುತ್ತಿತ್ತು.

ಏನಾಯಿತು

ತುಂಬಿದ್ದು ಹೋಯ್ತು ಅನ್ನುವ ಫೋನು ಹೆಚ್ಚು ಕಡಿಮೆ ನಿಂತವು. ಅವುಗಳ ಜಾಗಕ್ಕೆ ಹೊಸ ಥರದ ಫೋನು ಬಂದವು. ಕೊನೆಯ ದಿನಾಂಕ ಮುಗಿದ ಮೇಲೆ ಕೆಲವು ಮಕ್ಕಳು ನಮ್ಮ ಅರ್ಜಿ ಏನಾಯ್ತು ಅಂತ ಕೇಳಿದರು. ನೋಡಿದರೆ ಅವರದು ಡ್ರಾಫ್ಟಿನಲ್ಲೇ ಇದೆ, ಸಲ್ಲಿಸೇ ಇಲ್ಲ. ಪುಟದ ಮೇಲೆ ಹಸಿರು ಬಣ್ಣದಲ್ಲಿ "ಉಳಿಸಲಾಗಿದೆ" ಅಂತ ಟಿಕ್ ಮಾರ್ಕ್ ಸಮೇತ ಬರುತ್ತಿತ್ತು. ಅವರು ಕೆಲಸ ಮುಗಿಯಿತು ಅಂತ ಫೋನ್ ಇಟ್ಟಿದ್ದರು. ಹಿಂದೆ ಸಲ್ಲಿಸುವ ಬಟನ್ ಒತ್ತದೆ ಬೇರೆ ದಾರಿಯೇ ಇರಲಿಲ್ಲ, ಒತ್ತದಿದ್ದರೆ ಎಲ್ಲ ಹೋಗುತ್ತಿತ್ತು. ಆ ಭಯ ಹೋದ ಮೇಲೆ ಒತ್ತುವ ಅವಸರವೂ ಹೋಗಿತ್ತು.

ಟ್ರಸ್ಟ್ ಅವರಿಗೆಲ್ಲ ಒಂದು ವಾರ ಹೆಚ್ಚಿಗೆ ಕೊಟ್ಟಿತು. ನಾವು ಹಸಿರು ತೆಗೆದು ಬೂದು ಬಣ್ಣ ಹಾಕಿದೆವು, ಟಿಕ್ ತೆಗೆದೆವು. ಈಗ ಬರುವುದು ಹೀಗೆ: "11:42ರ ತನಕ ಬರೆದದ್ದು ಇದೆ. ಅರ್ಜಿ ಇನ್ನೂ ಸಲ್ಲಿಸಿಲ್ಲ." ಕೊನೆಯ ದಿನಕ್ಕೆ ಮುಂಚೆ ಡ್ರಾಫ್ಟಿನಲ್ಲಿ ಇರುವವರಿಗೆ ತಾನಾಗೇ ಒಂದು ಎಸ್ಸೆಮ್ಮೆಸ್ ಹೋಗುತ್ತದೆ.

ಈ ಎಸ್ಸೆಮ್ಮೆಸ್ಸಿನಿಂದ ಇನ್ನೊಂದು ಜಗಳ ಹುಟ್ಟಿತು. ಅರ್ಧಕ್ಕೆ ಬಿಟ್ಟವರ ಡ್ರಾಫ್ಟ್ ನನಗೆ ಕಾಣಲಿ, ಯಾಕೆ ಬಿಟ್ಟರು ಅಂತ ನಾನೇ ಫೋನ್ ಮಾಡಿ ಕೇಳುತ್ತೇನೆ ಅಂತ ಮೇಡಂ ಕೇಳಿದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಡ್ರಾಫ್ಟಿನಲ್ಲಿ ಬರೆದು, ಆಮೇಲೆ ಯೋಚಿಸಿ, ಬೇಡ ಅಂತ ಅಳಿಸಿದ ಸಾಲುಗಳೂ ಇರಬಹುದು. ಸಲ್ಲಿಸುವ ತನಕ ಅದು ವಿದ್ಯಾರ್ಥಿಯದು, ಟ್ರಸ್ಟಿನದಲ್ಲ. ಹಾಗಂತ ನಾವು ಪಟ್ಟು ಹಿಡಿದೆವು. ಎಷ್ಟು ಜನರದು ಯಾವ ಭಾಗದಲ್ಲಿ ನಿಂತಿದೆ ಅನ್ನುವ ಲೆಕ್ಕ ಮಾತ್ರ ಅವರಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಹಳೇ ಆವೃತ್ತಿಗಳನ್ನೂ ಇಟ್ಟುಕೊಳ್ಳುವುದಿಲ್ಲ, ಕೊನೆಯದು ಒಂದೇ. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯ್ದೆ ಕೂಡ, ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಅನ್ನುತ್ತದೆ. ಸಲ್ಲಿಸದ ಡ್ರಾಫ್ಟುಗಳು ಆಯ್ಕೆ ಪಟ್ಟಿ ಬಂದ 30 ದಿನಕ್ಕೆ ತಾವಾಗೇ ಅಳಿಯುತ್ತವೆ. ಆ ಲೆಕ್ಕದಿಂದ ಒಂದು ಲಾಭವೂ ಆಯಿತು. ಹೆಚ್ಚಿನವರು ಆರ್‌ಡಿ ನಂಬರಿನ ಹತ್ತಿರ ನಿಲ್ಲುತ್ತಿದ್ದರು. ಅದನ್ನು ಎಲ್ಲಿ ನೋಡಬೇಕು ಅಂತ ಪ್ರಮಾಣಪತ್ರದ ಒಂದು ಚಿತ್ರ ಹಾಕಿ ಗುರುತು ಮಾಡಿದೆವು.

ಇಂಥದೇ ಕೆಲಸ ಕೈಗೆತ್ತಿಕೊಳ್ಳುವವರಿಗೆ

ಬೇರೆ ಅರ್ಜಿ, ಬೇರೆ ಜನರಿಗೆ ಇದರಲ್ಲಿ ಎಷ್ಟು ಒಪ್ಪುತ್ತದೆ ಅಂತ ನೋಡಿಕೊಂಡೇ ತೆಗೆದುಕೊಳ್ಳಬೇಕು. ಆಫೀಸಿನೊಳಗೆ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಇರುವ ಕಡೆ ಲೋಕಲ್‌ಸ್ಟೋರೇಜ್ ತಪ್ಪೇನಲ್ಲ. ಇಷ್ಟೆಲ್ಲ ಸರ್ವರ್ ಕೆಲಸ ಅಲ್ಲಿ ಬೇಡ. ಆದರೆ ಎಲ್ಲಿ ಕಳೆದುಹೋಗುತ್ತಿದೆ ಅಂತ ತುಂಬುವವರನ್ನೇ ಕೇಳಿ ತಿಳಿಯದೆ ಕೋಡ್ ಬರೆಯಲು ಕೂರಬೇಡಿ. ನಮಗೆ ಲಾಗ್ ಅರ್ಧ ಹೇಳಿತು, ಉಳಿದರ್ಧ ಹೇಳಿದ್ದು ಆ ಹುಡುಗ. ಪರೀಕ್ಷೆ ಮಾಡುವಾಗ ತುಂಬುವವರ ಕೈಯಲ್ಲಿ ಇರುವಂಥ ಫೋನು, ಅವರು ಹೊಡೆಯುವ ಭಾಷೆ, ಅವರು ಕೂರುವ ಕುರ್ಚಿ ಮೂರೂ ಇರಲಿ.

ಅಳಿಸುವುದು ಯಾವಾಗ, ಯಾರಿಗೆ ತೋರಿಸುವುದು ಅನ್ನುವ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ. ಉಳಿಸುವ ಕೋಡ್ ಒಂದು ಸಂಜೆಯ ಕೆಲಸ. ಈ ಪ್ರಕರಣದಲ್ಲಿ ಸಮಯ ತಿಂದದ್ದೆಲ್ಲ ಈ ಎರಡೇ ಪ್ರಶ್ನೆಗಳು.

ಅದರಲ್ಲಿ ಎರಡನೆಯದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಸೈಬರ್ ಸೆಂಟರಿಗೆ ಬರುವ ಎಷ್ಟೋ ಮಕ್ಕಳ ಹತ್ತಿರ ಫೋನ್ ಇರುವುದಿಲ್ಲ. ಸೆಂಟರಿನವರು ಒಟಿಪಿಗೆ ತಮ್ಮ ನಂಬರನ್ನೇ ಕೊಡುತ್ತಾರೆ, ಎಲ್ಲರಿಗೂ ಅದೇ ನಂಬರ್. ಡ್ರಾಫ್ಟ್ ಮೊಬೈಲ್ ನಂಬರಿಗೆ ಅಂಟಿಕೊಂಡಿದ್ದರೆ ಎರಡನೇ ವಿದ್ಯಾರ್ಥಿಗೆ ಮೊದಲನೆಯವರದು ಕಾಣುತ್ತದೆ, ಸುತ್ತಿ ಬಳಸಿ ಹಳೇ ಜಾಗಕ್ಕೇ ಬಂದ ಹಾಗೆ. ಇದನ್ನು ಬಿಡುಗಡೆಗೆ ಮುಂಚೆ ಕಂಡುಹಿಡಿದವರು ಅದೇ ಸೆಂಟರಿನವರು. ಮೊದಲ ಸಲ ಫೋನ್ ಮಾಡಿದವರನ್ನೇ ಪರೀಕ್ಷೆಗೆ ಕರೆದಿದ್ದೆವು. ಈಗ ಒಂದು ನಂಬರಿನ ಕೆಳಗೆ ಎಷ್ಟು ಅರ್ಜಿ ಬೇಕಾದರೂ ಇರಬಹುದು. ಪ್ರತಿ ಅರ್ಜಿಗೂ ವಿದ್ಯಾರ್ಥಿ ತಾನೇ ಇಟ್ಟುಕೊಂಡ ನಾಲ್ಕಂಕಿಯ ಪಿನ್ ಇರುತ್ತದೆ. ಐದು ಸಲ ತಪ್ಪು ಹಾಕಿದರೆ ಆ ಡ್ರಾಫ್ಟ್ ಮುಚ್ಚಿಕೊಳ್ಳುತ್ತದೆ. ಆಮೇಲೆ ಆಫೀಸಿಗೆ ಫೋನ್ ಮಾಡಿ ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರ್ ಹೇಳಿದರೆ ಹೊಸ ಪಿನ್ ಕೊಡುತ್ತಾರೆ.

ಪಿನ್ ಮರೆತವರ ಫೋನೇ ಈಗ ಮೇಡಂಗೆ ಜಾಸ್ತಿ. ಕೆಲವು ಸೆಂಟರುಗಳಲ್ಲಿ ಎಲ್ಲ ಮಕ್ಕಳಿಗೂ 1234 ಅಂತಲೇ ಇಡಿಸುತ್ತಿದ್ದಾರೆ ಅನ್ನುವುದೂ ಗೊತ್ತಾಗಿದೆ. ಅಂಥ ಪಿನ್ ಒಪ್ಪಬಾರದು ಅಂತ ನಾವು, ಒಪ್ಪದಿದ್ದರೆ ಫೋನು ಇನ್ನೂ ಹೆಚ್ಚಾಗುತ್ತವೆ ಅಂತ ಮೇಡಂ. ಮುಂದಿನ ವರ್ಷದ ಅರ್ಜಿ ತೆರೆಯುವ ಮುಂಚೆ ಇದನ್ನು ತೀರ್ಮಾನಿಸಬೇಕು.